ಫೋಟೋ ಅಕ್ಕ ಕೇಳದ ಪ್ರಶ್ನೆ

ಫೋಟೋ ಅಕ್ಕ ಅಂದರೆ ಸ್ಟುಡಿಯೋ ಇಟ್ಟುಕೊಂಡು ಮದುವೆ ಫೋಟೋ ತೆಗೆಯುವವಳು ಅಂದುಕೊಳ್ಳಬೇಡಿ. ಅವಳು ಆಸ್ಪತ್ರೆಯ ಎಕ್ಸ್‌ರೇ ಕೋಣೆಯವಳು. ಕೈ ಮುರಿದವರು, ಕಾಲು ಉಳುಕಿದವರು, ಕೆಮ್ಮಿ ಕೆಮ್ಮಿ ಎದೆ ಹಿಡಿದುಕೊಂಡವರು ಎಲ್ಲರೂ 'ಫೋಟೋ ತೆಗೆಸ್ಬೇಕಂತೆ' ಎನ್ನುತ್ತಲೇ ಆ ಬಾಗಿಲಿಗೆ ಬರುತ್ತಿದ್ದರು. ಹಾಗಾಗಿ ಆ ಹೆಸರು ಅಂಟಿಕೊಂಡಿತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಕಟ್ಟಿಕೊಂಡ ಗಂಡ ಕೂಡ ಆಸ್ಪತ್ರೆಗೆ ಫೋನ್ ಮಾಡಿದರೆ 'ಫೋಟೋ ಅಕ್ಕನ್ನ ಕರೀರಿ' ಎನ್ನುತ್ತಿದ್ದ. ಹೆಂಡತಿಯನ್ನ ಅಕ್ಕ ಅಂತ ಕರೆಯೋ ಗಂಡ ಲೋಕದಲ್ಲಿ ನೀವೊಬ್ಬರೇ ಎಂದು ಅವಳು ಬೈದಳು, ಅವನು ನಕ್ಕ, ಅಭ್ಯಾಸ ಮಾತ್ರ ಬಿಡಲಿಲ್ಲ.

ಹೇಳಬೇಕಾಗಿರುವುದು ಅವಳ ಸೊಸೆಯ ಕೈ ಮುರಿದ ದಿನದ ಸಂಗತಿ. ಆದರೆ ಅಕ್ಕನ ಕೆಲಸ ಎಂಥದ್ದು ಅಂತ ಗೊತ್ತಿಲ್ಲದೆ ಹೋದರೆ, ಆ ದಿನ ಅವಳು ಪಟ್ಟ ಪಾಡು ಅರ್ಥವಾಗುವುದಿಲ್ಲ. ಸ್ವಲ್ಪ ತಾಳ್ಮೆ ಇರಲಿ.

ಎಕ್ಸ್‌ರೇ ಕೋಣೆ ನೆಲಮಾಳಿಗೆಯಲ್ಲಿರಲಿಲ್ಲ, ಆದರೂ ನೆಲಮಾಳಿಗೆಯ ಥರಾನೇ ಇತ್ತು. ಕಿಟಕಿ ಇಲ್ಲ. ಗೋಡೆಯೊಳಗೆ ಸೀಸದ ಹಾಳೆ. ಬಾಗಿಲು ಎಷ್ಟು ಭಾರ ಅಂದರೆ ಹೊಸದಾಗಿ ಬಂದ ನರ್ಸುಗಳು ಅದನ್ನು ಭುಜ ಕೊಟ್ಟು ತಳ್ಳಬೇಕಿತ್ತು. ಬಾಗಿಲ ಮೇಲೆ ಕೆಂಪು ದೀಪ. ಅದು ಉರಿಯುತ್ತಿದ್ದರೆ ಯಾರೂ ಒಳಗೆ ಕಾಲಿಡಬಾರದು. ಕೋಣೆಯ ಹಿಂದೆ ಹಳೇ ಕತ್ತಲೆ ಕೋಣೆ. ಕಂಪ್ಯೂಟರ್ ಬರುವ ಮೊದಲು ಅಕ್ಕ ಅಲ್ಲೇ ಫಿಲ್ಮು ತೊಳೆಯುತ್ತಿದ್ದಳು. ಅವಳ ಹರೆಯ ಅಲ್ಲೇ ಕಳೆಯಿತು, ಕೈಯಲ್ಲಿ ರಾಸಾಯನಿಕದ ಹುಳಿ ವಾಸನೆ ಹಿಡಿದುಕೊಂಡು. ಈಗ ಅಲ್ಲಿ ಬಕೆಟ್ಟು, ನೆಲ ಒರೆಸುವ ಕೋಲು, ಆಚೆ ಹಿಂದಿನ ಓಣಿಗೆ ತೆರೆಯುವ ಒಂದು ಸಣ್ಣ ಬಾಗಿಲು, ಅಷ್ಟೇ.

ಈ ಕೋಣೆಗೆ ಹೊಸ ಕೆಲಸ ಬಂದದ್ದು ಕೊನೆ ರೂಮಿನ ಮೇಡಂ ಬಂದಮೇಲೆ. ಅವರು ಸಮಾಲೋಚಕಿ. ಮನೆಯಲ್ಲಿ ಏಟು ತಿಂದು ಬರುವ ಹೆಣ್ಣುಮಕ್ಕಳ ಜೊತೆ ಮಾತಾಡುವುದು ಅವರ ಕೆಲಸ. ಆಸ್ಪತ್ರೆಯವರು ಅವರಿಗೆ ಕಾರಿಡಾರಿನ ತುದಿಯಲ್ಲಿ, ಬೆಡ್‌ಶೀಟು ಇಡುವ ಕೋಣೆಯ ಪಕ್ಕ, ಒಂದು ಮೇಜು ಎರಡು ಕುರ್ಚಿ ಹಾಕಿಕೊಟ್ಟಿದ್ದರು. ಮೊದಮೊದಲು ಅವರ ಹತ್ತಿರ ಒಂದು ನರಪಿಳ್ಳೆಯೂ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಡಾಕ್ಟರು 'ಏನಾಯ್ತಮ್ಮ' ಅಂದರೆ ಹೆಂಡತಿ ಬಾಯಿ ತೆರೆಯುವ ಮೊದಲೇ ಗಂಡ 'ಬಿದ್ಲು ಸಾರ್' ಅನ್ನುತ್ತಾನೆ. ಗಂಡ ಇಲ್ಲದಿದ್ದರೆ ಅತ್ತೆ, ಅತ್ತೆ ಇಲ್ಲದಿದ್ದರೆ ನಾದಿನಿ. ಹೆಂಗಸನ್ನು ಒಬ್ಬಳನ್ನೇ ಹಿಡಿದು ಮಾತಾಡಿಸುವ ಜಾಗವೇ ಇರಲಿಲ್ಲ ಆ ದೊಡ್ಡ ಕಟ್ಟಡದಲ್ಲಿ.

ಒಂದು ದಿನ ಮೇಡಂ ಎಕ್ಸ್‌ರೇ ಬಾಗಿಲ ಮುಂದೆ ಹಾದುಹೋಗುವಾಗ ನೋಡುತ್ತಾರೆ, ಗಂಡಸರೆಲ್ಲ ಗೋಡೆಗೆ ಅಂಟಿಕೊಂಡು ದೂರ ನಿಂತಿದ್ದಾರೆ. ಆ ಕಿರಣ ತಗುಲಿದರೆ ಮಕ್ಕಳಾಗುವುದಿಲ್ಲ ಅಂತ ಯಾರೋ ಹಬ್ಬಿಸಿದ್ದರು. ಮೇಡಂ ನಿಂತಲ್ಲೇ ನಕ್ಕುಬಿಟ್ಟರು.

"ಅಕ್ಕ, ಇಡೀ ಆಸ್ಪತ್ರೇಲಿ ಗಂಡಂದಿರು ಹೆದರಿ ಹೊರಗೆ ನಿಲ್ಲೋ ಜಾಗ ಇದೊಂದೇ ನೋಡಿ. ಕೇಳೋದಾದ್ರೆ ಇಲ್ಲೇ ಕೇಳಬೇಕು."

"ಕೇಳಿ, ನಾನೇನು ಬೇಡ ಅಂದ್ನಾ?"

"ನಾನಲ್ಲ. ನೀವು ಕೇಳಬೇಕು."

ಅಯ್ಯೋ, ಆ ಕಲಿಕೆಯ ಕಥೆ ಹೇಳಿದರೆ ಬೇರೆಯೇ ಒಂದು ಪುಸ್ತಕ ಆದೀತು. ಮೊದಲನೆಯವಳನ್ನು ಅಕ್ಕ 'ನಿಮ್ಮ ಗಂಡ ಹೊಡೀತಾನಾ' ಎಂದು ನೇರವಾಗಿ ಕೇಳಿ ಉಗಿಸಿಕೊಂಡಳು. ಇನ್ನೊಬ್ಬಳು ಹೌದು ಅಂದದ್ದೇ ತಡ, 'ಅಂಥವನ ಜೊತೆ ಯಾಕಿದ್ದೀಯ, ಬಿಟ್ಟು ಬಾ' ಅಂತ ಭಾಷಣ ಬಿಗಿದಳು. ಅವಳು ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಮೇಡಂ ಕೂರಿಸಿಕೊಂಡು ತಿದ್ದಿದರು: ಎಲ್ಲರನ್ನೂ ಕೇಳಿ, ಗಾಯ ನೋಡಿ ಕೇಳಬೇಡಿ. ನಾವು ಬಂದವರನ್ನೆಲ್ಲ ಕೇಳ್ತೀವಿ ಅಂತ ಮೊದಲೇ ಹೇಳಿ, ಆಗ ಅವರಿಗೆ ಅವಮಾನ ಆಗಲ್ಲ. ಇಲ್ಲ ಅಂದರೆ ಒಪ್ಪಿಕೊಳ್ಳಿ, ಕೆದಕಬೇಡಿ. ಹೌದು ಅಂದರೆ ನಂಬಿ, ಯಾಕೆ ಎತ್ತ ಅಂತ ಪಂಚಾಯ್ತಿ ಮಾಡಬೇಡಿ. ಇವತ್ತು ಮನೆಗೆ ಹೋಗೋಕೆ ಹೆದರಿಕೆ ಇದೆಯಾ ಅಂತ ಮಾತ್ರ ಕೇಳಿ. ಬುದ್ಧಿ ಹೇಳಬೇಡಿ. ನನ್ನ ಹತ್ತಿರ ಬರ್ತಾರಾ ಕೇಳಿ, ಬರಲ್ಲ ಅಂದರೆ ಬಿಡಿ. ಅವರು ಆಡಿದ ಮಾತು ಆ ಗೋಡೆ ದಾಟಬಾರದು.

ಹೀಗೆ ಒಂದು ಮಾತು ಅವಳ ಬಾಯಿಗೆ ಕೂತಿತು. ಯಂತ್ರದ ತಟ್ಟೆಯ ಮೇಲೆ ಕೈಯನ್ನೋ ಕಾಲನ್ನೋ ಸರಿಯಾಗಿ ಇಡಿಸುತ್ತಾ, ಹವಾಮಾನದ ಬಗ್ಗೆ ಕೇಳಿದಷ್ಟೇ ಸಲೀಸಾಗಿ ಅವಳು ಕೇಳುತ್ತಿದ್ದಳು: "ಇಲ್ಲಿಗೆ ಬರೋ ಹೆಣ್ಣುಮಕ್ಕಳನ್ನೆಲ್ಲ ಕೇಳ್ತೀವಮ್ಮ, ನಿಮ್ಮೊಬ್ಬರನ್ನೇ ಅಲ್ಲ. ಮನೇಲಿ ಯಾರಾದ್ರೂ ಕೈ ಮಾಡ್ತಾರಾ? ಹೆದರಿಸ್ತಾರಾ?"

ಬಹಳ ಮಂದಿ ಇಲ್ಲ ಅನ್ನುತ್ತಿದ್ದರು. ಕೆಲವರು ಅವಳ ಮುಖವನ್ನೇ ನೋಡಿ ಸುಮ್ಮನಾಗುತ್ತಿದ್ದರು. ಹೌದು ಅಂದವರಲ್ಲಿ ಕೊನೆ ರೂಮಿನ ತನಕ ಹೋದವರು ಕಮ್ಮಿ, ಹೋದವರಲ್ಲೂ ಸಂಜೆ ಅದೇ ಗಂಡನ ಸ್ಕೂಟರಿನ ಹಿಂದೆ ಕೂತು ಮನೆಗೆ ಹೋದವರೇ ಹೆಚ್ಚು. ಅಂಥ ಒಬ್ಬಳನ್ನು ಗೇಟಿನಲ್ಲಿ ನೋಡಿ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ಕೇಳಿ ಏನು ಸುಡುಗಾಡು ಉಪಯೋಗ ಮೇಡಂ? ನನ್ನ ಬಾಯಿ ಸವೀತು ಅಷ್ಟೇ."

"ಅವಳು ಹೋದ್ಲು, ನಿಜ. ಆದ್ರೆ ಕೇಳೋರು ಒಬ್ಬರಿದ್ದಾರೆ ಅಂತ ಗೊತ್ತಾಗಿ ಹೋದ್ಲು. ನಿನ್ನೆ ಅವಳಿಗೆ ಅದೂ ಗೊತ್ತಿರಲಿಲ್ಲ."

ಇದೇನು ಮಹಾ ಸಮಾಧಾನ ಅಂತ ಅಕ್ಕನಿಗೆ ಅನಿಸಿತು. ಆದರೂ ಕೇಳುವುದು ಬಿಡಲಿಲ್ಲ. ವರ್ಷಗಟ್ಟಲೆ ಕೇಳಿದಳು. ಕಿರಣ ತಡೆಯುವ ಸೀಸದ ಏಪ್ರನ್ ಹೊತ್ತು ಹೊತ್ತು ಭುಜ ಇಳಿದಿತ್ತು, ಸಿಮೆಂಟು ನೆಲದ ಮೇಲೆ ನಿಂತು ನಿಂತು ಮಂಡಿ ಊದುತ್ತಿತ್ತು, ಕೇಳಿಸಿಕೊಂಡ ಮಾತುಗಳು ಎಲ್ಲೋ ಎದೆಯ ಮೂಲೆಯಲ್ಲಿ ಕೂತು ಕೊಳೆಯುತ್ತಿದ್ದವು. ಸಾಕಪ್ಪಾ ಸಾಕು ಅಂತ ದಿನಾ ಅಂದುಕೊಂಡು ದಿನಾ ಕೆಲಸಕ್ಕೆ ಬರುತ್ತಿದ್ದಳು. ರಿಟೈರ್ ಆಗಲು ಇನ್ನು ಸ್ವಲ್ಪವೇ ಕಾಲ ಉಳಿದಿತ್ತು.

ಆ ಆಸ್ಪತ್ರೆಯಲ್ಲಿ ಇನ್ನೊಂದು ರೂಢಿ ಇತ್ತು, ಬರೆದಿಟ್ಟದ್ದಲ್ಲ, ಆದರೆ ಬರೆದಿಟ್ಟಿದ್ದಕ್ಕಿಂತ ಗಟ್ಟಿ. ಸಿಬ್ಬಂದಿಯ ಮನೆಯವರು ಬಂದರೆ 'ನಮ್ಮವರು'. ನಮ್ಮವರಿಗೆ ಸಾಲಿಲ್ಲ, ಕಾಯುವುದಿಲ್ಲ, ಕುರ್ಚಿ ಬರುತ್ತದೆ, ಟೀ ಬರುತ್ತದೆ, ಡಾಕ್ಟರು ಎದ್ದು ಬಂದು ನೋಡುತ್ತಾರೆ. ಮತ್ತೆ ನಮ್ಮವರನ್ನು ಏನೂ ಕೇಳುವುದಿಲ್ಲ. ಇಷ್ಟು ಹತ್ತಿರದವರನ್ನು ಅಂಥದ್ದೆಲ್ಲ ಕೇಳಿದರೆ ಮರ್ಯಾದೆಯಾ? ಎಲ್ಲರನ್ನೂ ಕೇಳಬೇಕು ಅನ್ನುವ ನಿಯಮದೊಳಗೆ ಈ ತೂತು ಇದೆ ಅಂತ ಯಾರಿಗೂ ಹೊಳೆದಿರಲಿಲ್ಲ, ಮೇಡಂಗೂ ಹೊಳೆದಿರಲಿಲ್ಲ.

ಅಕ್ಕನಿಗೆ ಒಬ್ಬನೇ ಮಗ. ಡ್ರೈವಿಂಗ್ ಕಲಿಸುವ ಮೇಷ್ಟ್ರು. ಅರ್ಧ ಆಸ್ಪತ್ರೆಗೆ ಲೈಸೆನ್ಸ್ ಕೊಡಿಸಿದವನು ಅವನೇ. ಹೆಡ್ ನರ್ಸು ಕಾರನ್ನು ಕಾಂಪೌಂಡಿಗೆ ಗುದ್ದಿದಾಗ 'ನಿಮ್ಮದೇನೂ ತಪ್ಪಿಲ್ಲ ಸಿಸ್ಟರ್, ಗೋಡೆ ಅಡ್ಡ ಬಂತು' ಅಂದನಂತೆ. ಕಲಿಯುವವರ ಮೇಲೆ ಒಂದು ಸಲವೂ ದನಿ ಎತ್ತಿದವನಲ್ಲ. ಇಂಥ ಮಗನನ್ನು ಹೆತ್ತಿದ್ದೀರಲ್ಲ ಅಕ್ಕ ಅಂತ ಎಲ್ಲರೂ ಅನ್ನುವಾಗ ಅವಳ ಮಂಡಿನೋವು ಅರ್ಧ ಇಳಿಯುತ್ತಿತ್ತು. ಮಗ ಸೊಸೆ ಊರಿನ ಇನ್ನೊಂದು ಕೊನೆಯಲ್ಲಿ ಬಾಡಿಗೆಗೆ ಇದ್ದರು. ಭಾನುವಾರ ಅಕ್ಕ ಅಲ್ಲಿಗೆ ಊಟಕ್ಕೆ ಹೋಗುತ್ತಿದ್ದಳು. ಊಟ ಮಾಡುತ್ತಾ ಕೆಲಸದ ಸಂಕಟ ಹೇಳಿಕೊಳ್ಳುತ್ತಿದ್ದಳು. ಯಾರು ಏನು ಹೇಳಿದರು ಅಂತ ಬಾಯಿ ಬಿಡುತ್ತಿರಲಿಲ್ಲ. ಆದರೆ ನಾವು ಹೀಗೆ ಗಂಡಂದಿರನ್ನು ಹೊರಗೆ ನಿಲ್ಲಿಸ್ತೀವಿ, ಹೀಗೆ ಕೇಳ್ತೀವಿ, ಯಾರನ್ನೂ ಬಿಡಲ್ಲ ಅಂತ ಹೇಳುತ್ತಿದ್ದಳು. ಮಗ ತಲೆದೂಗುತ್ತಿದ್ದ. ಸೊಸೆ ಬಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದ ಹುಡುಗಿ, ಬಾಯಿ ತುಂಬ ಮಾತಾಡುತ್ತಿದ್ದವಳು. ಮದುವೆಯಾದ ಮೇಲೆ ಕೆಲಸ ಬಿಟ್ಟಳು, ಬರಬರುತ್ತ ಮಾತೂ ಬಿಟ್ಟಳು. ಸಂಸಾರ ಅಂದಮೇಲೆ ಹುಡುಗಾಟ ಕಮ್ಮಿಯಾಗುತ್ತೆ ಅಂತ ಅಕ್ಕ ಅಂದುಕೊಂಡಿದ್ದಳು.

ಅವತ್ತು ಸೋಮವಾರ, ಬೆಳಗ್ಗಿನ ನೂಕುನುಗ್ಗಲು.

"ಅಕ್ಕಾ, ಯಾರು ಬಂದಿದ್ದಾರೆ ನೋಡಿ, ಮೇಷ್ಟ್ರು!" ಎಂದು ಪಟ್ಟಿ ಅಣ್ಣ ಕೂಗಿದ. ಮುರಿದ ಎಲುಬಿಗೆ ಸಿಮೆಂಟು ಪಟ್ಟಿ ಹಾಕುವವನು ಅವನು, ಅಕ್ಕನಷ್ಟೇ ಹಳಬ. ಅವನ ದನಿಯ ಸಂಭ್ರಮ ನೋಡಿದರೆ ಯಾರೋ ಮದುವೆಗೆ ಕರೆಯಲು ಬಂದಿದ್ದಾರೆ ಅನ್ನಬೇಕು.

ಮಗ ಹೆಂಡತಿಯ ಭುಜ ಬಳಸಿ ಹಿಡಿದು ನಡೆಸಿಕೊಂಡು ಬರುತ್ತಿದ್ದ. ಅವಳ ಎಡಗೈಗೆ ಟವೆಲ್ ಸುತ್ತಿತ್ತು. ಮುಖ ಬಿಳುಚಿಕೊಂಡಿತ್ತು.

"ನೋಡಮ್ಮ, ನಿನ್ನ ಸೊಸೆ ಮಾಡ್ಕೊಂಡಿರೋ ಕೆಲಸ. ಬಾತ್‌ರೂಮಲ್ಲಿ ಜಾರಿದ್ಲು. ನೋಡ್ಕೊಂಡು ನಡಿ ಅಂತ ಎಷ್ಟು ಸಲ ಹೇಳೋದು ಇವಳಿಗೆ."

"ಅತ್ತೆ" ಎಂದಳು ಸೊಸೆ.

ಸಾಲಿನಲ್ಲಿದ್ದವರನ್ನು ಪಟ್ಟಿ ಅಣ್ಣ ಪಕ್ಕಕ್ಕೆ ಸರಿಸಿದ. ಸೊಸೆಗೆ ಕುರ್ಚಿ ಬಂತು, ಮಗನಿಗೆ ಟೀ ಬಂತು. ಎಲುಬಿನ ಡಾಕ್ಟರು, ಈ ಮೇಷ್ಟ್ರ ಹತ್ತಿರವೇ ಕಾರು ಕಲಿತವರು, ಓಡಿಬಂದು ಕೈ ನೋಡಿ ಎಕ್ಸ್‌ರೇ ಬರೆದರು. ಒಳಗೆ ಹೋಗುವಾಗ ಮಗನೂ ಹಿಂದೆಯೇ ಬಂದ. "ಇವಳಿಗೆ ಭಯ ಅಮ್ಮ, ನಾನು ಜೊತೇಲಿರ್ತೀನಿ."

ಅಕ್ಕ ಬಾಯಿ ತೆರೆಯುವ ಮೊದಲೇ ಪಟ್ಟಿ ಅಣ್ಣ ಗೂಟದಿಂದ ಏಪ್ರನ್ ತೆಗೆದು ಮಗನ ಕೊರಳಿಗೆ ಹಾಕಿದ್ದ. "ಹೊರಗೆ ನಿಲ್ಲಿ ಅಂತ ಮೇಷ್ಟ್ರಿಗೆ ಹೇಳೋಕಾಗುತ್ತಾ? ಬಿಡಿ ಅಕ್ಕ, ನಮ್ಮ ಹುಡುಗ."

ಅವಳು ಬಿಟ್ಟಳು. ನಿಜ ಹೇಳಬೇಕೆಂದರೆ ಒಳಗೊಳಗೆ ಹೆಮ್ಮೆಯೂ ಆಯಿತು, ಹೆಂಡತಿ ಮೇಲೆ ಎಷ್ಟು ಪ್ರೀತಿ ಇವನಿಗೆ ಅಂತ. ಸೊಸೆಯ ಕೈಯನ್ನು ತಟ್ಟೆಯ ಮೇಲೆ ಇಡಿಸಿದಳು, ತಿರುಗಿಸಿ ಇನ್ನೊಂದು ಸಲ ಇಡಿಸಿದಳು. ಬಾಯಿಗೆ ಬರುವ ಮಾತು ಬಾಯಿ ತನಕ ಬಂದು ನಿಂತಿತು. ಮಗ ಮೊಳದ ದೂರದಲ್ಲಿ ನಿಂತಿದ್ದ.

"ಆಯ್ತು ಕಣಮ್ಮ, ಏಳು."

ಸೊಸೆ ಏಳಲಿಲ್ಲ. "ಅಷ್ಟೇನಾ ಅತ್ತೆ?" ಎಂದಳು ಮೆಲ್ಲಗೆ.

"ಅಷ್ಟೇ."

ಅವರು ಹೊರಗೆ ಹೋದಮೇಲೆ ಅಕ್ಕ ಕಂಪ್ಯೂಟರಿನ ಮುಂದೆ ಕೂತಳು. ಮುಂಗೈಗೆ ಎರಡು ಎಲುಬು. ಕಿರುಬೆರಳಿನ ಕಡೆಯದು ನಡುಮಧ್ಯ ಮುರಿದಿತ್ತು, ಇನ್ನೊಂದಕ್ಕೆ ಏನೂ ಆಗಿರಲಿಲ್ಲ. ಬೀಳುವವರು ಅಂಗೈ ಊರುತ್ತಾರೆ, ಮುರಿದರೆ ಮಣಿಕಟ್ಟಿನ ಹತ್ತಿರ ಮುರಿಯುತ್ತದೆ. ಇದು ಹಾಗಲ್ಲ. ತಲೆಗೆ ಬರುವ ಏಟಿಗೆ ಕೈ ಅಡ್ಡ ಹಿಡಿದವರಲ್ಲಿ ಮುರಿಯುವ ಜಾಗ ಇದು. ಕೂಡಲೇ ಮನಸ್ಸು ಮಗನ ಪರ ವಕಾಲತ್ತಿಗೆ ನಿಂತಿತು. ನಲ್ಲಿಗೆ ತಗುಲಿರಬಹುದು. ಬಚ್ಚಲ ಕಟ್ಟೆಗೆ ಬಡಿದಿರಬಹುದು. ಹಾಗೂ ಆಗುತ್ತದೆ, ಆಗುವುದೇ ಇಲ್ಲ ಅಂತೇನಿಲ್ಲ.

ಡಾಕ್ಟರು ಬಂದು ಅವಳ ಹಿಂದೆ ನಿಂತರು. ಅವರೂ ಬಹಳ ಹೊತ್ತು ನೋಡಿದರು.

"ಬಿದ್ದಿದ್ದಾ ಅಕ್ಕ?"

"ಬಿದ್ದಿದ್ದಂತೆ."

"ಬಾತ್‌ರೂಮಲ್ಲಾ?"

"ಹೂಂ, ಬಾತ್‌ರೂಮಲ್ಲಂತೆ."

ಇಬ್ಬರೂ ಚಿತ್ರವನ್ನೇ ನೋಡುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. "ಕೇಳಿ..." ಎಂದು ಶುರು ಮಾಡಿದ ಡಾಕ್ಟರು ಅಲ್ಲಿಗೇ ನಿಲ್ಲಿಸಿದರು. "ಬಿಡಿ, ನಿಮ್ಮ ಮನೆಯವರನ್ನ ಏನು ಕೇಳೋದು. ಪಟ್ಟಿ ಹಾಕಿಸಿ ಕಳಿಸೋಣ." ಅಕ್ಕನಿಗೆ ಹೊರೆ ಇಳಿದಂತಾಯಿತು. ಮರುಕ್ಷಣವೇ ಹಾಗನಿಸಿದ್ದಕ್ಕೆ ನಾಚಿಕೆಯಾಯಿತು. ಥೂ, ನಾನೂ ಒಬ್ಬಳು ಹೆಂಗಸಾ ಅನಿಸಿತು.

'ಅಷ್ಟೇನಾ ಅತ್ತೆ?' ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಭಾನುವಾರದ ಊಟ, ಬಡಿಸುತ್ತಾ ನಿಂತವಳ ಮೌನ, ಎಲ್ಲ ಒಮ್ಮೆಗೇ ತಲೆಗೆ ಬಂತು. ಈ ಕೋಣೆಯಲ್ಲಿ ಏನು ಕೇಳುತ್ತಾರೆ ಅಂತ ಆ ಹುಡುಗಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಅವನು ಒಳಗೆ ಬಂದದ್ದು ಹೆಂಡತಿಗೆ ಭಯ ಅಂತಲ್ಲ.

ಅವಳು ಎದ್ದು, ಮಂಡಿ ನೋವನ್ನೂ ಮರೆತು, ಕೊನೆ ರೂಮಿಗೆ ಹೋದಳು.

"ನಮ್ಮ ಸೊಸೆ ಬಂದಿದ್ದಾಳೆ ಮೇಡಂ."

"ಗೊತ್ತಾಯ್ತು. ಕೈ ಮುರಿದಿದೆಯಂತಲ್ಲ, ಹೇಗಿದ್ದಾಳೆ?"

"ಅವಳನ್ನ ಕೇಳಿಲ್ಲ."

"ಏನನ್ನ?"

"ಎಲ್ಲರನ್ನೂ ಕೇಳೋದನ್ನ."

ಮೇಡಂ ಕೈಲಿದ್ದ ಪೆನ್ನು ಕೆಳಗಿಟ್ಟರು. ಅವರ ಮುಖವೂ ಸಣ್ಣಗಾಯಿತು. "ನಮ್ಮವರನ್ನ ನಾವು ಯಾವತ್ತೂ ಕೇಳೇ ಇಲ್ಲ ಅಲ್ವಾ" ಎಂದರು ತಮಗೇ ಹೇಳಿಕೊಂಡಂತೆ. ಆಮೇಲೆ, "ನೀವು ಕೇಳಬೇಡಿ ಅಕ್ಕ. ನೀವು ಅತ್ತೆ, ಅವನ ತಾಯಿ. ಹೇಳಬೇಕು ಅಂತಿದ್ರೂ ಅವಳ ಬಾಯಿ ಕಟ್ಟಿಹೋಗುತ್ತೆ. ನಾನು ಹಿಂದಿನ ಓಣಿಯಿಂದ, ಕತ್ತಲೆ ಕೋಣೆ ಮೂಲಕ ಬರ್ತೀನಿ. ಅವನನ್ನ ಹೊರಗೆ ಇಡೋದು ಮಾತ್ರ ನಿಮ್ಮಿಂದ ಆಗಬೇಕು."

"ಅವನು ನನ್ನ ಮಗ ಮೇಡಂ."

"ಅದಕ್ಕೇ. ಬೇರೆ ಯಾರು ಹೇಳಿದ್ರೂ ಅವನು ಕೇಳಲ್ಲ." ಬಾಗಿಲಲ್ಲಿ ಮತ್ತೆ ಕರೆದರು: "ಅವಳು ಏನೇ ಹೇಳಲಿ, ಏನೂ ಹೇಳದೇ ಇರಲಿ, ನಾನು ನಿಮಗೆ ಹೇಳಲ್ಲ. ಬೇಜಾರು ಮಾಡ್ಕೋಬೇಡಿ."

ಕಾರಿಡಾರಿನ ಬೆಂಚಿನಲ್ಲಿ ಮಗ ನರ್ಸುಗಳನ್ನು ನಗಿಸುತ್ತಾ ಕೂತಿದ್ದ. ಪಕ್ಕದಲ್ಲಿ ಸೊಸೆ. ಅಕ್ಕ ಹೋಗಿ, "ಇನ್ನೊಂದು ಫೋಟೋ ಬೇಕಂತೆ, ಬಾಮ್ಮ" ಎಂದಳು. ಮಗ ಸರಕ್ಕನೆ ಎದ್ದು ಬಾಗಿಲ ಪಕ್ಕದ ಗೂಟದಲ್ಲಿದ್ದ ಏಪ್ರನ್ನಿಗೆ ಕೈ ಹಾಕಿದ. ಅಕ್ಕ ಅದನ್ನು ಅವನ ಕೈಯಿಂದ ತೆಗೆದುಕೊಂಡಳು.

"ಸಲಸಲಕ್ಕೂ ಆಗಲ್ಲ ಕಣೋ. ನೀನು ಇಲ್ಲೇ ಇರು."

"ಈಗ ತಾನೇ ಒಳಗಿದ್ನಲ್ಲಮ್ಮ."

"ಮೇಲಿನವರು ನೋಡಿದ್ರೆ ಕೊನೆಗಾಲದಲ್ಲಿ ನನ್ನ ಕೆಲಸಕ್ಕೆ ಕುತ್ತು. ಕೂತ್ಕೋ."

ಹೆತ್ತ ಮಗನಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳಲು ಬರುತ್ತದೆ ಅಂತ ಅವಳಿಗೇ ಗೊತ್ತಿರಲಿಲ್ಲ. ಮಗ ನಕ್ಕು ಕೂತ.

ಒಳಗೆ ಸೊಸೆಯನ್ನು ಸ್ಟೂಲಿನ ಮೇಲೆ ಕೂರಿಸಿದಳು. ಕತ್ತಲೆ ಕೋಣೆಯ ಬಾಗಿಲು ಸರಿಸಿಕೊಂಡು ಮೇಡಂ ಬಂದರು, ಬಕೆಟ್ಟು ಎಡವಿ. ಅಕ್ಕ ಕೆಂಪು ದೀಪದ ಸ್ವಿಚ್ ಒತ್ತಿದಳು. ಯಂತ್ರದ ಗುಂಡಿ ಮುಟ್ಟಲಿಲ್ಲ. "ಇವರ ಹತ್ರ ಮಾತಾಡು. ನಾನು ಇರಲ್ಲ" ಅಂದಳು. ಅಂದವಳೇ ಮುಂದಿನ ಭಾರದ ಬಾಗಿಲು ತಳ್ಳಿಕೊಂಡು ಹೊರಗೆ ಬಂದುಬಿಟ್ಟಳು. ಹಿಂದಿನ ಓಣಿಯಿಂದ ಹೋಗಬಹುದಿತ್ತು, ಕತ್ತಲೆ ಕೋಣೆಯಲ್ಲೇ ನಿಲ್ಲಬಹುದಿತ್ತು. ಮಗನನ್ನು ತಡೆಯಬೇಕು ಅನ್ನುವುದೊಂದೇ ತಲೆಯಲ್ಲಿ ಇದ್ದದ್ದು. ಬಂದು ಅವನ ಪಕ್ಕ ಬೆಂಚಿನ ಮೇಲೆ ಕೂತಳು.

"ಕಾಲು ನೋವಾಮ್ಮ?" ಮಗ ತನ್ನ ಬ್ಯಾಗನ್ನು ಅವಳ ಕಾಲ ಕೆಳಗೆ ಸರಿಸಿ ಎತ್ತರ ಮಾಡಿದ. "ರಿಟೈರ್ ಆಗು ಸಾಕು. ನಾನಿದ್ದೀನಲ್ಲ." ಉಳಿದಿದ್ದ ಟೀ ಅವಳ ಕೈಗೆ ಕೊಟ್ಟ. ಚಿಕ್ಕಂದಿನಿಂದ ಇವನು ಹೀಗೇ. ಅವಳಿಗೆ ಅಳು ಬಂತು. ಇವನಲ್ಲ, ಇವನಾಗಿರಲಿಕ್ಕೆ ಸಾಧ್ಯವೇ ಇಲ್ಲ, ಸುಮ್ಮನೆ ಹುಚ್ಚು ಹಚ್ಚಿಕೊಂಡೆ ಅನಿಸಿತು.

ಮಗ ತಲೆ ಎತ್ತಿ ದೀಪ ನೋಡಿದ. ಆಮೇಲೆ ಅಮ್ಮನನ್ನು ನೋಡಿದ.

"ನೀನು ಇಲ್ಲಿ ಕೂತಿದ್ದೀಯ. ಹಾಗಾದ್ರೆ ಒಳಗೆ ಫೋಟೋ ತೆಗೀತಿರೋದ್ಯಾರು?"

ಇಷ್ಟು ವರ್ಷದಲ್ಲಿ ಆ ದೀಪ ಉರಿಯುವಾಗ ಅವಳು ಬಾಗಿಲಿನ ಈಚೆ ಇದ್ದದ್ದೇ ಇಲ್ಲ. ಹೊಸ ಹುಡುಗಿ ಅನ್ನಬಹುದಿತ್ತು, ಏನಾದರೂ ಒಂದು ಅನ್ನಬಹುದಿತ್ತು. ಅವನು ಅವಳ ಮುಖ ಓದಿಬಿಟ್ಟಿದ್ದ.

"ಕೇಳಿಸ್ತಿದ್ದೀಯಾ? ಊರವರ ಹೆಂಡ್ತಿಯರನ್ನ ಕೇಳಿದ ಹಾಗೆ, ನನ್ನ ಹೆಂಡ್ತೀನ?"

"ಎಲ್ಲರನ್ನೂ ಕೇಳ್ತೀವಿ ಕಣೋ."

"ನಾನೂ ಆ ಎಲ್ಲರಲ್ಲಿ ಒಬ್ಬನಾ ಅಮ್ಮ?"

ಅವನು ಎದ್ದ. ಅವಳೂ ಎದ್ದು, ಕೈಯಲ್ಲಿದ್ದ ಟೀ ಚೆಲ್ಲಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಮಗನ ಮುಖದಲ್ಲಿ ನಗು ಇನ್ನೂ ಇತ್ತು, ಕಣ್ಣಿನಲ್ಲಿ ಮಾತ್ರ ಇರಲಿಲ್ಲ. ಈ ಮುಖವನ್ನು ಅವಳು ಭಾನುವಾರಗಳಲ್ಲಿ ನೋಡಿರಲಿಲ್ಲ.

"ಪಕ್ಕಕ್ಕೆ ಸರಿ."

"ಇಲ್ಲ."

"ಅಮ್ಮ, ಒಳ್ಳೆ ಮಾತಲ್ಲಿ ಹೇಳ್ತಿದ್ದೀನಿ."

ಅವನು ಅವಳ ಭುಜದ ಮೇಲಿಂದ ಬಾಗಿಲ ಹಿಡಿಗೆ ಕೈ ಚಾಚಿದ. ಅಕ್ಕನ ಕೈ ತಾನಾಗಿ ಮೇಲೆ ಹೋಯಿತು, ಮುಖಕ್ಕೆ ಅಡ್ಡವಾಗಿ. ಅವಳು ಎತ್ತಲಿಲ್ಲ, ಅದೇ ಎದ್ದಿತು. ಕಾರಿಡಾರಿನಲ್ಲಿ ಸಾಲು ನಿಂತವರು ಇತ್ತ ತಿರುಗಿದರು. ಪಟ್ಟಿ ಅಣ್ಣ ಸಿಮೆಂಟು ಕಲೆಸುತ್ತಿದ್ದವನು ಬೇಸಿನ್ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತ.

"ನಾನು ಬಾಗಿಲಿಗೆ ಕೈ ಹಾಕಿದ್ದಮ್ಮ" ಎಂದ ಮಗ. ದನಿ ಸಣ್ಣಗಾಗಿತ್ತು.

"ಗೊತ್ತು ಕಣೋ" ಎಂದಳು ಅಕ್ಕ. ಆದರೆ ಕೈ ಇಳಿಯಲಿಲ್ಲ.

ಪಟ್ಟಿ ಅಣ್ಣ ಬೇಸಿನ್ ನೆಲದ ಮೇಲಿಟ್ಟು ಬಂದು ಅವಳ ಪಕ್ಕದಲ್ಲಿ ನಿಂತ. ಅರ್ಧ ಗಂಟೆಯ ಹಿಂದೆ ಏಪ್ರನ್ ತೊಡಿಸಿದ ಕೈಯನ್ನೇ ಈಗ ಅಡ್ಡ ಚಾಚಿದ. "ಮೇಷ್ಟ್ರೇ, ಅಲ್ಲಿ ಹೋಗಿ ಕೂತ್ಕೊಳ್ಳಿ" ಎಂದ. ಗೇಟಿನ ಸೆಕ್ಯೂರಿಟಿಯವನು ಓಡಿಬಂದ. ಮಗ ಎಲ್ಲರನ್ನೂ ಒಂದು ಸುತ್ತು ನೋಡಿದ, ತನ್ನಿಂದ ಕಾರು ಕಲಿತವರನ್ನೆಲ್ಲ. ಕೀ ತೆಗೆದುಕೊಂಡ. "ಅವಳಿಗೆ ಹೇಳು, ಕಾರಲ್ಲಿ ಕಾಯ್ತಿರ್ತೀನಿ ಅಂತ" ಎಂದು ಹೇಳಿ ಹೋದ.

ದೀಪ ಬಹಳ ಹೊತ್ತು ಉರಿಯಿತು. ಬೇರೆ ರೋಗಿಗಳು ಗೊಣಗಿದರು, ಪಟ್ಟಿ ಅಣ್ಣ ಅವರ ಮೇಲೆ ಹರಿಹಾಯ್ದ. ಕೊನೆಗೆ ಮೇಡಂ ಬಾಗಿಲು ತೆಗೆದು ಡಾಕ್ಟರನ್ನು ಮಾತ್ರ ಒಳಗೆ ಕರೆದರು. ಅಕ್ಕನ ಕಡೆ ನೋಡಿ, ಏನೂ ಹೇಳಲ್ಲ ಅಂದಿದ್ದೆನಲ್ಲ ಅನ್ನುವಂತೆ ಸುಮ್ಮನೆ ತಲೆ ಅಲ್ಲಾಡಿಸಿದರು. ಡಾಕ್ಟರು ಹೊರಗೆ ಬಂದಾಗ ಅವರ ಕಿವಿ ಕೆಂಪಾಗಿತ್ತು. ಸೊಸೆ ಹೇಳಿದ ಮಾತನ್ನು ಅವಳು ಹೇಳಿದ ಹಾಗೆಯೇ ಬರೆದುಕೊಂಡಿದ್ದರು. "ಊತ ಇಳಿಯೋ ತನಕ ಅಡ್ಮಿಟ್ ಮಾಡ್ತಿದ್ದೀನಿ ಅಕ್ಕ, ಹೆಂಗಸರ ವಾರ್ಡಿಗೆ. ಅವಳು ಬೇಕು ಅಂದವರನ್ನ ಮಾತ್ರ ಒಳಗೆ ಬಿಡೋದು" ಎಂದರು. ಅಷ್ಟು ಸಾಕಿತ್ತು ಅಕ್ಕನಿಗೆ, ಮೇಡಂ ಏನೂ ಹೇಳಬೇಕಾಗಿರಲಿಲ್ಲ.

ಮಧ್ಯಾಹ್ನ ಸೊಸೆಯೇ ಹೇಳಿ ಕಳಿಸಿದಳು. ಅಕ್ಕ ಹೋದಾಗ ಅವಳು ಪಟ್ಟಿ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಳು. ಪಟ್ಟಿ ಇನ್ನೂ ಒದ್ದೆಯಾಗಿತ್ತು. ಅಕ್ಕ ಮಂಚದ ಅಂಚಿನಲ್ಲಿ ಕೂತಳು. ಏನು ಹೇಳುವುದು? ಕ್ಷಮಿಸು ಅನ್ನುವುದಾ, ಎಷ್ಟು ದಿನದಿಂದ ಅಂತ ಕೇಳುವುದಾ? ಬೇರೆಯವರ ಜೊತೆಯಾದರೆ ಬಾಯಿಗೆ ಮಾತು ತಾನಾಗಿ ಬರುತ್ತಿತ್ತು.

ಸೊಸೆಯೇ ಶುರು ಮಾಡಿದಳು. "ಇಲ್ಲಿಗೇ ಹೋಗೋಣ ಅಂದಿದ್ದು ಅವರೇ ಅತ್ತೆ. ಅಮ್ಮನ ಆಸ್ಪತ್ರೇಲಿ ನಮ್ಮನ್ನ ಯಾರೂ ಏನೂ ಕೇಳಲ್ಲ ಅಂದ್ರು. ನಾನು ದಾರಿಯುದ್ದಕ್ಕೂ ಅಂದುಕೊಂಡು ಬಂದೆ, ಅತ್ತೆ ಯಾರನ್ನೂ ಬಿಡಲ್ಲ, ನನ್ನನ್ನೂ ಬಿಡಲ್ಲ ಅಂತ. ನೀವು ಏಳು ಅಂದಾಗ..."

ಅಕ್ಕ ಅವಳ ಒಳ್ಳೆಯ ಕೈ ಹಿಡಿದುಕೊಂಡು ಅತ್ತಳು, ವಾರ್ಡಿನವರೆಲ್ಲ ನೋಡುತ್ತಿದ್ದಾರೆ ಅನ್ನುವ ಪರಿವೆಯಿಲ್ಲದೆ. "ನಮ್ಮನೆಗೆ ಬಾ ಮಗಳೇ" ಎಂದಳು. "ನಿನ್ನ ಮಾವ ಇದ್ದಾರೆ, ನಾನಿದ್ದೀನಿ. ಅಲ್ಲೇ ಇರು."

"ಅವರು ಬಂದು ಬಾಗಿಲು ತಟ್ಟಿದ್ರೆ?"

ತೆಗೆಯಲ್ಲ ಅನ್ನಲು ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಅವನು ಮನೆ ಬಾಗಿಲ ಹೊರಗೆ ಬಂದು ನಿಂತಂತೆ ಕಣ್ಣಿಗೆ ಕಟ್ಟಿತು. ಊಟ ಮಾಡಿರುವುದಿಲ್ಲ. ಅಳುತ್ತಿರುತ್ತಾನೆ. ಅಮ್ಮಾ ಅನ್ನುತ್ತಾನೆ, ಒಂದೇ ಸಲ ಅಂದರೂ ಸಾಕು.

"ತೆಗೀತೀನಿ" ಎಂದಳು.

ಸೊಸೆಗೆ ಆಶ್ಚರ್ಯವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ತಲೆ ಆಡಿಸಿದಳು ಅಷ್ಟೇ. "ಅದಕ್ಕೇ ಅತ್ತೆ, ಮೇಡಂ ಒಂದು ಜಾಗ ನೋಡಿದ್ದಾರೆ. ನಿಮ್ಮೊಬ್ಬರಿಗೆ ಹೇಳಿ ಹೋಗೋಣ ಅಂತ ಕರೆಸಿದೆ. ಆ ಜಾಗ ಎಲ್ಲಿ ಅಂದ್ರೆ..."

ಅಕ್ಕ ತಟ್ಟನೆ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು.

"ಬೇಡ. ಎಲ್ಲಿ ಅಂತ ನನಗೆ ಹೇಳಬೇಡ. ಅವನು ಅತ್ತು ಕೇಳಿದ್ರೆ ನಾನು ಹೇಳಿಬಿಡ್ತೀನಿ."